ಕಾಶಿಯಾತ್ರೆಗೆ ಕೊಟ್ಟ ಕೊಡೆ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದೆ ಹೂವು ಕೊಳ್ಳಲು ನಿಂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಪಕ್ಕದ ಫುಟ್‌ಪಾತಿನಲ್ಲಿ ಬ್ಯಾಗಿನ ಜಿಪ್ಪು ಸರಿಮಾಡುವವನೊಬ್ಬ ಯಾರದೋ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ದಾರಕ್ಕೆ ಮೇಣ ಸವರುತ್ತಿದ್ದ. ಮೇಣ, ಮಶೀನ್ ಎಣ್ಣೆ, ನೆನೆದ ಹತ್ತಿಬಟ್ಟೆ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ ನೆನಪಾಯಿತು. ಆ ಮಳೆಗಾಲದಲ್ಲಿ ನಾನು ಒಂದು ಕಡೆ ನೆಮ್ಮದಿಯಾಗಿ ಕೂತದ್ದೇ ಇಲ್ಲ.

ಮೂವತ್ತು ವರ್ಷ ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡಿದವಳು. ಮೊದಲು ಹೆಲ್ಪರ್, ಆಮೇಲೆ ಚೆಕರ್, ಕೊನೆಗೆ ಸೂಪರ್‌ವೈಸರ್. ಕೆಲಸ ಅಂದರೆ ತಪ್ಪು ಹುಡುಕುವುದು. ಕಾಲರಿನ ಎರಡು ಮೂಲೆ ಒಂದೇ ಉದ್ದ ಇದೆಯೆ, ಕಂಕುಳ ಹೊಲಿಗೆ ಎಳೆದರೆ ಬಾಯಿ ಬಿಡುತ್ತದೆಯೆ, ಗುಂಡಿಯ ದಾರಕ್ಕೆ ಗಂಟು ಬಿದ್ದಿದೆಯೆ. ತಪ್ಪು ಕಂಡ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪೀಸನ್ನು ವಾಪಸು ತಳ್ಳಬೇಕು. ಲೈನಿನ ಹುಡುಗಿಯರು ಎದುರಿಗೆ ಲಲಿತಾ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಬಾಣದ ಆಂಟಿ ಅನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ಆ ವರ್ಷ ಮಾರ್ಚ್‌ನಲ್ಲಿ ರಿಟೈರ್ ಆದೆ. ಮೇ ತಿಂಗಳಲ್ಲಿ ಒಬ್ಬಳೇ ಮಗಳು ಪಲ್ಲವಿಯ ಮದುವೆ ಮಾಡಿದೆವು. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮವರು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಆಯುಷ್ಯವೆಲ್ಲ ನಿಂತೇ ಕಳೆದವರು ಅವರು, ಈಗ ಕೂತರೆ ಏಳುವುದಿಲ್ಲ. ನಾನೋ, ಸುದ್ದಗುಂಟೆಪಾಳ್ಯದ ಆ ಬಾಡಿಗೆ ಮಹಡಿಯ ಎರಡು ಕೋಣೆಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಅಡ್ಡಾಡುತ್ತಿದ್ದೆ. ತಪ್ಪು ಹುಡುಕಲು ಎದುರಿಗೆ ಒಂದು ಪೀಸೂ ಇರಲಿಲ್ಲ.

ಕೊಡೆಯ ಕಥೆ ಅದಕ್ಕೂ ಆರು ವರ್ಷ ಹಿಂದೆ ಶುರುವಾದದ್ದು. ಆಗ ನಾಲ್ಕನೇ ಬ್ಲಾಕಿನ ಇದೇ ಫುಟ್‌ಪಾತಿನಲ್ಲಿ ಬಾಷಾ ಸಾಬರು ಅಂತ ಒಬ್ಬರು ಕೂರುತ್ತಿದ್ದರು. ಬೇಸಿಗೆಯ ಮೊದಲ ಗುಡುಗು ಕೇಳಿದ ಮೇಲೆ ಬಂದರೆ ದೀಪಾವಳಿವರೆಗೆ ಅವರ ಸುತ್ತ ಕೈಕಾಲು ಮುರಿದ ಕೊಡೆಗಳ ರಾಶಿ. ನಾನು ವರ್ಷಕ್ಕೊಂದು ಮಡಚುವ ಕೊಡೆ ಕೊಂಡು, ವರ್ಷಕ್ಕೊಂದು ಸಲ ಅದನ್ನು ಅವರ ಮುಂದೆ ಎಸೆದು ಬೈಯುತ್ತಿದ್ದೆ. ಒಂದು ದಿನ ಅವರು, "ಇದಕ್ಕೆ ಯಾಕೆ ಬೈತೀರ ಅಕ್ಕ. ಇದು ಹುಟ್ಟಿದ್ದೇ ಸಾಯಕ್ಕೆ" ಎಂದು ಗೋಣಿಚೀಲದ ತಳದಿಂದ ಬಟ್ಟೆ ಇಲ್ಲದ ಹಳೆಯ ಕೊಡೆಯ ಚೌಕಟ್ಟೊಂದನ್ನು ತೆಗೆದರು. ಒಂದೇ ಮರದ ನೀಳ ಕೋಲು, ಎಲ್ಲೂ ಜೋಡಣೆ ಇಲ್ಲ. ಅದರದೇ ತುದಿಯನ್ನು ಹಬೆಗೆ ಹಿಡಿದು ಬಾಗಿಸಿದ ಹಿಡಿ. ಎಂಟು ಉಕ್ಕಿನ ಕಡ್ಡಿ. ತಕ್ಕ ಬಟ್ಟೆ ಸಿಗಲಿಲ್ಲವೆಂದು ಅದನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದರಂತೆ.

ಬಟ್ಟೆ ನಮ್ಮ ಫ್ಯಾಕ್ಟರಿಯ ಸ್ಯಾಂಪಲ್ ರೂಮಿನಲ್ಲಿತ್ತು. ರೇನ್‌ಕೋಟ್ ಆರ್ಡರಿನಲ್ಲಿ ಉಳಿದ ಕಪ್ಪು ಹತ್ತಿ. ನೇಯ್ಗೆ ಎಷ್ಟು ಒತ್ತಾಗಿತ್ತೆಂದರೆ ನೀರು ಹನಿಸಿದರೆ ಇಳಿಯುತ್ತಿರಲಿಲ್ಲ, ಉರುಳಿ ಹೋಗುತ್ತಿತ್ತು. ಮ್ಯಾನೇಜರರನ್ನು ಕೇಳಿ, ಗೇಟ್ ಪಾಸ್ ಬರೆಸಿ ತಂದುಕೊಟ್ಟೆ. ಸಾಬರು ಎಂಟು ತುಂಡು ಕತ್ತರಿಸಿದರು. ಕತ್ತರಿಸುವಾಗಲೇ ಬಟ್ಟೆಯ ಸ್ವಂತ ಅಂಚು ಕೊಡೆಯ ಅಂಚಿಗೆ ಬರುವಂತೆ ತಿರುಗಿಸಿ ಇಟ್ಟದ್ದು ಕಂಡು ನನಗೆ ಮೈ ಜುಂ ಅಂದಿತು. ಹಾಗೆ ಮಾಡಿದರೆ ಮಡಚಿ ಹೊಲಿಯಬೇಕಿಲ್ಲ, ಅಂಚು ಭಾರವಾಗುವುದಿಲ್ಲ. ಶಿಫ್ಟ್ ಮುಗಿಸಿ ನಾಲ್ಕು ಸಂಜೆ ಅವರ ತಲೆಯ ಮೇಲೆ ನಿಂತು ನೋಡಿದೆ. ಮೂರನೇ ಹೊಲಿಗೆಯಲ್ಲಿ ಒಂದು ಕಡೆ ದಾರ ಸಡಿಲವಿತ್ತು, ಹೇಳಿದೆ. ಅವರು ಕನ್ನಡಕ ಏರಿಸಿ ನೋಡಿ, ಇಡೀ ಹೊಲಿಗೆಯನ್ನೇ ಬಿಚ್ಚಿದರು. ನೀರು ಒಳಗೆ ಬರುವುದು ಅಲ್ಲಿಂದಲೇ, ಒಳ್ಳೇ ಮಾಡಿದಿರಿ ಅಂದರು. ನನ್ನ ಸರ್ವೀಸಿನಲ್ಲಿ ತಪ್ಪು ತೋರಿಸಿದ್ದಕ್ಕೆ ಉಪಕಾರ ಹೇಳಿದವರು ಅವರೊಬ್ಬರೇ.

ಆ ಕೊಡೆ ಬಿಚ್ಚಿದರೆ ಧಪ್ಪೆಂದು ಒಂದೇ ಸದ್ದು. ಬಟ್ಟೆ ತಮಟೆಯ ಹಾಗೆ ಬಿಗಿ. ಬಿರುಮಳೆಯಲ್ಲಿ ಅದರ ಕೆಳಗೆ ನಿಂತರೆ ಎಂಟೂ ಕಡ್ಡಿಯ ತುದಿಯಿಂದ ಎಂಟು ಧಾರೆ ಸರಿಯಾಗಿ ಇಳಿಯುತ್ತಿದ್ದವು, ಒಂದು ಹನಿ ಒಳಗಿಲ್ಲ. ಮಡಿವಾಳದ ಮಾರ್ಕೆಟ್ಟಿನ ಕೆಸರಿನಲ್ಲೂ ನಾನು ಅದನ್ನು ಊರುಗೋಲಾಗಿ ಊರಿದವಳಲ್ಲ. ಮನೆಗೆ ಬಂದ ಕೂಡಲೇ ಅರ್ಧ ಬಿಚ್ಚಿ ನೆರಳಿನಲ್ಲಿ ಒಣಗಿಸುವುದು, ಸುತ್ತುವಾಗ ಅಂಗೈ ಒತ್ತದೆ ಅಂಚು ಹಿಡಿದು ಸುತ್ತುವುದು, ಹಿತ್ತಾಳೆಯ ತುದಿಗೆ ಹುಣಸೆಹಣ್ಣು ಉಜ್ಜುವುದು. ಮೂರನೇ ವರ್ಷ ಒಂದು ಕಡ್ಡಿಯ ತುದಿಯ ಹೊಲಿಗೆ ಬಿಟ್ಟಿತ್ತು. ಸಾಬರು ಸ್ವಲ್ಪ ಕಂದುಬಣ್ಣದ ದಾರದಲ್ಲಿ ಹಾಕಿಕೊಟ್ಟಿದ್ದರು. ಅದೊಂದು ಬಿಟ್ಟರೆ ಆರು ಮಳೆಗಾಲ ಕಂಡ ಕೊಡೆ ಅಂಗಡಿಯಿಂದ ಈಗ ತಂದ ಹಾಗಿತ್ತು. ಬಿಸಿಲಿಗೂ ಹಿಡಿದುಕೊಂಡು ಹೊರಡುತ್ತಿದ್ದ ನನ್ನನ್ನು ನೋಡಿ ನಮ್ಮವರು, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಹಂಗಿಸುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆಯಿಂದಲೇ ಮೋಡ ಕವಿದಿತ್ತು. ನಮ್ಮಲ್ಲಿ ಕಾಶಿಯಾತ್ರೆ ಇರಲೇಬೇಕು. ಮದುಮಗ ಕೋಲು, ಕೊಡೆ, ಪುಸ್ತಕ ಹಿಡಿದು ಸಂಸಾರ ಬೇಡವೆಂದು ಕಾಶಿಗೆ ಹೊರಡುತ್ತಾನೆ. ಹುಡುಗಿಯ ತಂದೆ ಬಾಗಿಲಲ್ಲಿ ತಡೆದು, ಮಗಳನ್ನು ಕೊಡುತ್ತೇನೆ ಬಾರಪ್ಪ ಎಂದು ಕರೆತರುತ್ತಾನೆ. ಅದಕ್ಕೆ ಬೇಕಾದ ಸಾಮಾನಿನ ಗಂಟನ್ನು ನಮ್ಮವರು ಅಂಗಡಿಯಿಂದ ಕಟ್ಟಿಸಿ ತಂದಿದ್ದರು. ಪುರೋಹಿತರು ಅದರಲ್ಲಿದ್ದ ಕೊಡೆ ಬಿಚ್ಚಿದ್ದೇ, ಎರಡು ಕಡ್ಡಿ ಟಪ್ಪೆಂದು ಮುರಿದು ಬಟ್ಟೆ ಜೋತುಬಿತ್ತು. ಹಿಂದೆ ಯಾರೋ ಅಪಶಕುನ ಅಂದರು. ಬೀಗಿತ್ತಿ ಸುಕನ್ಯಮ್ಮನವರ ಮುಖ ಕಪ್ಪಿಟ್ಟಿತು. ಗಂಡ ಸತ್ತ ಮೇಲೆ ಪ್ಲೈವುಡ್ ಅಂಗಡಿಯನ್ನೂ ಮಗನನ್ನೂ ಒಂಟಿಯಾಗಿ ಕಾಪಾಡಿಕೊಂಡು ಬಂದ ಹೆಂಗಸು ಆಕೆ. ಶಕುನಕ್ಕೆ ಹೆದರುವುದು ಆಕೆಗೆ ಅಭ್ಯಾಸವಾಗಿಬಿಟ್ಟಿತ್ತು. ನಾನು ಓಡಿಹೋಗಿ ಡ್ರೆಸಿಂಗ್ ರೂಮಿನಲ್ಲಿದ್ದ ನನ್ನ ಕೊಡೆ ತಂದುಕೊಟ್ಟೆ.

ಪುರೋಹಿತರು ಅದನ್ನು ತಿರುಗಿಸಿ ನೋಡಿ, "ಹೊಸದು ತಾನೇನಮ್ಮ?" ಎಂದು ಕೇಳಿದರು. ಬಳಸಿದ ಕೊಡೆಯನ್ನು ಮದುಮಗನ ಕೈಗೆ ಕೊಡುವಂತಿಲ್ಲ.

"ಹೊಸದೇ ಸ್ವಾಮಿ. ನಿನ್ನೆ ತಂದಿದ್ದು" ಎಂದೆ.

ಆರು ವರ್ಷದ ಪೀಸನ್ನು ಹೊಸದೆಂದು ಪಾಸ್ ಮಾಡಿದೆ. ಮಗಳ ಮದುವೆ ನಿಲ್ಲಬಾರದೆಂಬ ಗಾಬರಿ ಒಂದು ಕಡೆ. ಆದರೆ ನಿಜ ಹೇಳುತ್ತೇನೆ, ನನ್ನ ಕೊಡೆ ಹೊಸದರ ಹಾಗೆಯೇ ಕಾಣುತ್ತಿದೆ, ಯಾರೂ ಕಂಡುಹಿಡಿಯಲಾರರು ಎಂಬ ಜಂಬವೂ ಇತ್ತು. ಅಳಿಯ ನವೀನ ಧಪ್ಪೆಂದು ಬಿಚ್ಚಿದಾಗ ನೆರೆದವರೆಲ್ಲ ಮೆಚ್ಚಿದರು. ಶಾಸ್ತ್ರ ಮುಗಿದ ಮೇಲೆ ಯಾವುದಾದರೂ ಮೂಲೆಯಲ್ಲಿ ಬಿದ್ದಿರುತ್ತದೆ, ಮೆಲ್ಲಗೆ ಎತ್ತಿಕೊಂಡರಾಯಿತು ಎಂದುಕೊಂಡಿದ್ದೆ. ಸಂಜೆ ಹುಡುಕಿದರೆ ಕೋಲು, ಪುಸ್ತಕ, ಚಪ್ಪಲಿಯ ಜೊತೆ ಅದೂ ಗಂಡಿನವರ ಕಾರಿನ ಡಿಕ್ಕಿ ಸೇರಿ ಜೆ.ಪಿ. ನಗರಕ್ಕೆ ಹೊರಟುಹೋಗಿತ್ತು.

ಅಲ್ಲಿಂದ ನನ್ನ ಪಾಡು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು. ನುಂಗುವಂತಿಲ್ಲ, ಉಗುಳುವಂತಿಲ್ಲ. ವಾಪಸು ಕೇಳಬೇಕಾದರೆ ಅದು ನನ್ನದು, ಹಳೆಯದು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಶಾಸ್ತ್ರಕ್ಕೆ ಹಳೇ ಕೊಡೆ ಕೊಟ್ಟು ಸುಳ್ಳು ಹೇಳಿದ ಮನೆಯಿಂದ ಬಂದವಳು ಎಂದು ಮಗಳು ಆ ಮನೆಯಲ್ಲಿ ಜೀವಮಾನವೆಲ್ಲ ಕೇಳಬೇಕು. ಬಾಯಿ ಬಿಟ್ಟರೆ ಬಣ್ಣಗೇಡು. ಸುಮ್ಮನಿದ್ದುಬಿಡೋಣವೆಂದರೆ ಆ ವರ್ಷ ಮಳೆ ಬಿಡಲಿಲ್ಲ. ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ಬಿ.ಟಿ.ಎಂ. ಕಡೆಯಿಂದ ಮೋಡ ಏಳುತ್ತಿತ್ತು, ನಾನು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಈಗ ಅದು ಎಲ್ಲಿದೆಯೋ, ನೆನೆದದ್ದನ್ನು ಹಾಗೇ ಸುತ್ತಿಟ್ಟಿದ್ದಾರೋ. ನೆನೆದ ಹತ್ತಿ ಸುತ್ತಿಟ್ಟರೆ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಜೂನ್‌ನಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ನೆಪ ಮಾಡಿಕೊಂಡು ಬೀಗರ ಮನೆಗೆ ಹೋದೆ. ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಸುಕನ್ಯಮ್ಮ ಸೊಂಟದ ಗೊಂಚಲಿನಿಂದ ಕೀ ತೆಗೆದು ಗೇಟು ತೆರೆದು, ಮತ್ತೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಅದನ್ನು ನೋಡಿದೆ, ಆದರೆ ಗಮನಿಸಲಿಲ್ಲ. ನನ್ನ ಕಣ್ಣು ವರಾಂಡದ ಮೂಲೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಲೆಕೆಳಗಾಗಿ ನಿಂತಿದ್ದ ಕೊಡೆಯ ಮೇಲಿತ್ತು. ಒದ್ದೆ, ಬಿಗಿಯಾಗಿ ಸುತ್ತಿ ಪಟ್ಟಿ ಬೇರೆ ಕಟ್ಟಿದ್ದರು. ತಳದಲ್ಲಿ ಎರಡು ಬೆರಳು ನೀರು. ಕಾಫಿ ಕೊಡುವಾಗ ಸುಕನ್ಯಮ್ಮ ತಾವಾಗಿಯೇ ಮಾತು ತೆಗೆದರು. "ಛತ್ರಿ ಸಖತ್ ಗಟ್ಟಿಯಾಗಿದೆ ಕಣ್ರಿ. ಆದ್ರೆ ಒಳಗಡೆ ಒಂದ್ ಕಡ್ಡಿಗೆ ಬೇರೆ ಬಣ್ಣದ ದಾರ ಹಾಕಿದಾರೆ ನೋಡಿ. ಹೊಸದರಲ್ಲೇ ಹಿಂಗ್ ಮಾಡ್ತಾರೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಏನೇನೋ ಬಡಬಡಿಸಿದೆ. ಈಗಿನ ಅಂಗಡಿಯವರೇ ಹಾಗೆ, ಚೆಕಿಂಗೇ ಸರಿ ಇರುವುದಿಲ್ಲ ಎಂದೆ.

ಬೆವರು ಒರೆಸಿಕೊಂಡು ಎದ್ದು ಬಂದೆ. ಪಲ್ಲವಿ ಗೇಟಿನವರೆಗೆ ಬಂದಳು. ಅವಳ ಕಿವಿಯಲ್ಲಿ ಹೇಳಿದ್ದು ಒಂದೇ, ಅದನ್ನು ಬಕೆಟ್ಟಿನಿಂದ ತೆಗೆದು ಬಿಚ್ಚಿಡೇ ಅಂತ.

ಆಮೇಲೆ ಮಳೆ ಬಂದಾಗಲೆಲ್ಲ ಫೋನು. ಕೊಡೆ ಯಾರು ತೆಗೆದುಕೊಂಡು ಹೋದರು, ವಾಪಸು ತಂದರೆ, ಒಣಗಿಸಿದೆಯಾ. ಅವಳು ಹೂಂ ಅನ್ನುತ್ತಿದ್ದಳು. ಮೊದಮೊದಲು ಹೂಂ ಅಮ್ಮ ಅಂತಿದ್ದದ್ದು ಬರೀ ಹೂಂ ಆಯಿತು. ಒಂದು ದಿನ ನಮ್ಮವರು ನನ್ನ ಕೈಯಿಂದ ಫೋನು ಇಸಿದುಕೊಂಡು, ಊಟ ಮಾಡಿದೆಯಾ ಮಗಳೇ ಎಂದು ಕೇಳಿ ಬಹಳ ಹೊತ್ತು ಕಿವಿಗೆ ಹಿಡಿದುಕೊಂಡೇ ಕೂತರು. ಆಮೇಲೆ, ಹುಡುಗಿ ದನಿ ಸರಿ ಇಲ್ಲ ಕಣೇ ಅಂದರು. ಮಳೆಗೆ ಸಿಗ್ನಲ್ ಸರಿ ಇರುವುದಿಲ್ಲ ಎಂದು ನಾನು ಉತ್ತರ ಕೊಟ್ಟೆ.

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ಓಡುತ್ತಿತ್ತು. ಹಾಗೆಯೇ ಕಾಣುವ ಇನ್ನೊಂದು ಕೊಡೆ ಸಿಕ್ಕಿದರೆ ಸದ್ದಿಲ್ಲದೆ ಬದಲಾಯಿಸಿಬಿಡಬಹುದು. ಬಾಷಾ ಸಾಬರನ್ನು ಹುಡುಕಿಕೊಂಡು ನಾಲ್ಕನೇ ಬ್ಲಾಕಿಗೆ ಹೋದೆ. ಆ ವರ್ಷ ಅವರು ಬಂದಿರಲಿಲ್ಲ. ಪಕ್ಕದ ಹಣ್ಣಿನವರಿಗೂ ಏನೂ ತಿಳಿಯದು. ಒಂದು ವಾರ ಬಿಟ್ಟು ಮತ್ತೆ ಹೋದೆ, ಮತ್ತೆ ಹೋದೆ. ಕಡೆಗೆ ಮಡಿವಾಳದಲ್ಲಿ ಅಂಗಡಿ ಅಂಗಡಿ ಅಲೆದು, ದೂರದಿಂದ ನೋಡಿದರೆ ಅದೇ ಅನ್ನಿಸುವ ಒಂದು ಉದ್ದದ ಕಪ್ಪು ಕೊಡೆ ತಂದೆ. ಹತ್ತಿರದಿಂದ ನೋಡಿದರೆ ಕೆಂಪು ಬಾಣ ಅಂಟಿಸಲು ಜಾಗವೇ ಸಾಲದು, ಅಷ್ಟು ತಪ್ಪು.

ಆಷಾಢ ಬಂತು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಪಲ್ಲವಿಯನ್ನು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಕಳಿಸಿದರು. ನವೀನ ಬೈಕಿನಲ್ಲಿ ತಂದು ಬಿಟ್ಟ. ನಾನು ಬಾಗಿಲಲ್ಲೇ ಅವಳ ಕೈ ನೋಡಿದೆ. ಬ್ಯಾಗೊಂದೇ ಇತ್ತು. ಛತ್ರಿ ತರಲಿಲ್ಲವೇನೇ ಎಂದೆ. ಅವಳು ಚಪ್ಪಲಿ ಬಿಡುತ್ತಾ, ಇಲ್ಲಮ್ಮ ಅಂದಳು. ಒಳಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದವಳು ಮಾರನೆಯ ದಿನ ಮಧ್ಯಾಹ್ನಕ್ಕೆ ಎದ್ದಳು.

ಮದುವೆಗೆ ಮುಂಚೆ ಅವಳು ಬಿ.ಟಿ.ಎಂ.ನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಟೆಕ್ನೀಶಿಯನ್ ಆಗಿದ್ದಳು. ಮದುವೆಯಾದ ಮೇಲೆ ಮತ್ತೆ ಹೋಗಬಹುದೆಂದು ಮಾತಾಗಿತ್ತು. ಆಷಾಢದಲ್ಲಿ ಅವಳು ದಿನಾ ಸಂಜೆ ಆ ಬೀದಿಯವರೆಗೆ ನಡೆದು ಹೋಗಿ, ಒಳಗೆ ಹೋಗದೆ ವಾಪಸು ಬರುತ್ತಿದ್ದಳು. ಒಂದೊಂದು ದಿನ ನೆನೆದುಕೊಂಡೇ ಬರುತ್ತಿದ್ದಳು. ನಾನು ಟವೆಲ್ ಕೊಡುತ್ತಾ ಅಲ್ಲಿನ ಕೊಡೆಯ ವರ್ತಮಾನ ಕೇಳುತ್ತಿದ್ದೆ. ಅವರ ಸ್ಟೋರ್ ರೂಮಿನಲ್ಲಿ ಗಾಳಿ ಆಡುತ್ತದೆಯೆ, ಹಿತ್ತಾಳೆ ತುದಿ ಹಸಿರುಗಟ್ಟಿದೆಯೆ. ಅವಳು ಒಂದು ಸಲ ನನ್ನನ್ನೇ ದಿಟ್ಟಿಸಿ ನೋಡಿ, ಟವೆಲನ್ನು ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದಳು.

ಶ್ರಾವಣದ ಹಿಂದಿನ ದಿನ ಬ್ಯಾಗು ತುಂಬುತ್ತಾ ಬಾಯಿ ಬಿಟ್ಟಳು. "ಅಮ್ಮ, ಲ್ಯಾಬಲ್ಲಿ ನನ್ನ ಜಾಗ ಇನ್ನೂ ಖಾಲಿ ಇದೆಯಂತೆ. ನಾನು ಸ್ವಲ್ಪ ದಿನ ಇಲ್ಲೇ ಇರ್ಲಾ?"

"ಆಷಾಢ ಮುಗೀತಲ್ಲೇ. ಜನ ಏನಂತಾರೆ?" ಎಂದೆ. ಅಷ್ಟು ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. ಮಡಿವಾಳದಿಂದ ತಂದ ಕೊಡೆಯನ್ನು ಪೇಪರಿನಲ್ಲಿ ಸುತ್ತಿ ಅವಳ ಬ್ಯಾಗಿನ ಪಕ್ಕ ಇಟ್ಟು, ಇದನ್ನು ಅಲ್ಲಿಟ್ಟು ಅದನ್ನು ಬೀರುವಿನ ಮೇಲೆ ಎತ್ತಿಡು, ಗೌರಿ ಹಬ್ಬಕ್ಕೆ ಬಂದಾಗ ನಾನು ತೆಗೆದುಕೊಂಡು ಹೋಗುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಉಪದೇಶ ಮಾಡಿದೆ. ನಮ್ಮವರು ಕುರ್ಚಿಯಿಂದ ಎದ್ದರು. ಅವರು ಏಳುವುದೇ ಅಪರೂಪ. ಅವಳ ಮಾತು ಸ್ವಲ್ಪ ಕೇಳಿಸಿಕೊಳ್ಳೇ ಅಂದರು. ಕೇಳಿಸಿಕೊಂಡೆನಲ್ಲ ಎಂದೆ ನಾನು. ಪಲ್ಲವಿ ಆ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದಳು. ಇದನ್ನು ಬರೆಯುವಾಗ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಗೌರಿ ಹಬ್ಬದ ದಿನ ಬೆಳಗಿನಿಂದ ಮಳೆ. ತವರಿನ ಬಾಗಿನದ ಮೊರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಆಟೋದಲ್ಲಿ ಹೋದೆ. ಹಿಂದಿನ ರಾತ್ರಿಯೆಲ್ಲ ಯೋಚಿಸಿದ್ದು ಬಾಗಿನದ ಬಗ್ಗೆ ಅ‌ಲ್ಲ. ಕೊಡೆಯನ್ನು ಹೊರಗೆ ಸಾಗಿಸುವುದು ಹೇಗೆ ಎಂದು. ಸುಕನ್ಯಮ್ಮ ಕೀ ತೆಗೆದು, ಬೀಗ ಹಾಕಿದರು. ನನ್ನ ಕೊಡೆ ಅದೇ ಬಕೆಟ್ಟಿನಲ್ಲಿತ್ತು. ಬದಲಾಯಿಸಿರಲಿಲ್ಲ. ಹತ್ತಿರ ಹೋಗಿ ನೋಡಿದೆ, ಮಡಿಕೆಯ ಮೇಲೆ ಬಿಳಿ ಬೂಷ್ಟು ಕಾಣಿಸಿತು. ಕೋಪ ನೆತ್ತಿಗೇರಿತು. ಮಗಳ ಮೇಲೆ.

ಪೂಜೆ ಮುಗಿದು ಬಾಗಿನ ಕೊಡುವ ಹೊತ್ತು ಬಂತು. ಕೊಡುವವಳೂ ತೆಗೆದುಕೊಳ್ಳುವವಳೂ ಎದುರುಬದುರು ನಿಂತು, ಸೆರಗು ಮುಚ್ಚಿದ ಮೊರವನ್ನು ಇಬ್ಬರೂ ಹಿಡಿಯಬೇಕು. ಈ ತುದಿ ನನ್ನ ಕೈಯಲ್ಲಿ, ಆ ತುದಿ ಪಲ್ಲವಿಯ ಕೈಯಲ್ಲಿ. ಅಷ್ಟು ಹತ್ತಿರದಿಂದ ನಾನು ಅವಳನ್ನು ಮದುವೆಯಾದ ಮೇಲೆ ನೋಡಿಯೇ ಇರಲಿಲ್ಲ. ಮದುವೆಗೆ ಬಳೆಗಾರ ಸೋಪು ಹಚ್ಚಿ ತೊಡಿಸಿದ ಹಸಿರು ಬಳೆಗಳು ಮೊರ ಎತ್ತಿದಾಗ ಮೊಣಕೈವರೆಗೆ ಜಾರಿದವು. ಉಗುರುಗಳನ್ನು ಬುಡದವರೆಗೆ ಕಚ್ಚಿಕೊಂಡಿದ್ದಳು. ನಾನು ಬಾಯಿ ತೆರೆದೆ. ತೆರೆದದ್ದು ಬೂಷ್ಟಿನ ವಿಷಯ ಕೇಳಲು, ಸುಳ್ಳು ಹೇಳುವುದಿಲ್ಲ. ಅವಳು ಮೊದಲು ಮಾತಾಡಿದಳು, ನನಗೆ ಮಾತ್ರ ಕೇಳುವಷ್ಟು.

"ಛತ್ರಿ ಒಣಗಿಸ್ತಾರಾ ಅಂತ ಇನ್ನೊಂದ್ಸಲ ಕೇಳ್ಬೇಡಮ್ಮ. ನನ್ನ ಕೇಳು. ನಾನು ಹೇಗಿದೀನಿ ಅಂತ ನೀನು ಒಂದ್ಸಲಾನೂ ಕೇಳಿಲ್ಲ."

ಮೊರ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಅವಳು ಹೇಳಿದ್ದು ನಿಜ. ಫೋನಿನಲ್ಲಿ ಕೇಳಿರಲಿಲ್ಲ, ಗೇಟಿನಲ್ಲಿ ಕೇಳಿರಲಿಲ್ಲ, ಒಂದು ತಿಂಗಳು ಒಂದೇ ಕೋಣೆಯಲ್ಲಿ ಮಲಗಿ ಎದ್ದಾಗಲೂ ಕೇಳಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನನ್ನದು ಅದಕ್ಕಿಂತ ಕೆಟ್ಟದ್ದು. ಕತ್ತಲೆ ಕಣ್ಣಿಗೆ ಬಿದ್ದಿತ್ತು, ನಾನು ಅದನ್ನು ಪಾಸ್ ಮಾಡಿದ್ದೆ.

ಮೊರವನ್ನು ಅವಳ ಕೈಗೆ ಕೊಟ್ಟು ಸುಕನ್ಯಮ್ಮನವರ ಕಡೆ ತಿರುಗಿ, ಪಲ್ಲವಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ನಕ್ಕರು, ಸಂಜೆಗೆ ಕಳಿಸುತ್ತೀರಲ್ಲ ಎಂದರು. ಗೊತ್ತಿಲ್ಲ ಎಂದೆ. ಅವರ ನಗು ನಿಂತಿತು.

"ಹಬ್ಬದ ದಿನ ಸೊಸೆ ಬ್ಯಾಗ್ ತಗೊಂಡು ಹೊರಟ್ರೆ ನಾನು ಜನಕ್ಕೆ ಏನಂತ ಹೇಳ್ಲಿ? ನಾವೇನ್ ಹೊಡೆದ್ವಾ, ಬೈದ್ವಾ?"

ಅವರ ದನಿಯಲ್ಲಿದ್ದದ್ದು ದರ್ಪವಲ್ಲ, ಹೆದರಿಕೆ. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ, ಅದೂ ನಿಜ. ಹಾಗಾಗಿ ನನಗೆ ಆ ಕ್ಷಣ ಹೇಳಲು ಬೇರೆ ಏನೂ ಇರಲಿಲ್ಲ. ನಾಲ್ಕು ತಿಂಗಳು ಗಂಟಲಲ್ಲಿ ಹಿಡಿದಿಟ್ಟುಕೊಂಡದ್ದು ಒಂದೇ ಇತ್ತು, ಅದನ್ನೇ ಕೊಟ್ಟೆ.

"ಆ ಛತ್ರಿ ಹೊಸದಲ್ಲ ಸುಕನ್ಯಮ್ಮ. ಆರು ವರ್ಷ ನಾನೇ ಬಳಸಿದ್ದು. ಸುಳ್ಳು ಹೇಳಿ ಕೊಟ್ಟೆ. ಶಾಸ್ತ್ರ ಕೆಟ್ಟಿದ್ದು ಹುಡುಗಿ ಅಮ್ಮನಿಂದ, ಅದಕ್ಕೇ ಜಗಳ ಆಯ್ತು ಅಂತ ಹೇಳಿ. ಯಾರು ಕೇಳಿದ್ರೂ ನಾನು ಹೌದು ಅಂತೀನಿ."

ಅವರು ಬಕೆಟ್ಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರು ಬಂತು. ನನ್ನ ಮಗನಿಗೆ ಹಳೇದು ಕೊಟ್ಟಿರಾ ಅಂದರು. ಆಮೇಲೆ ಕೊಡೆಯನ್ನು ಬಕೆಟ್ಟಿನಿಂದ ಕಿತ್ತು ನನ್ನ ಮುಂದೆ ಹಿಡಿದು, ನಮಗೆ ಬೇಡ, ತಗೊಂಡು ಹೋಗಿ ಎಂದರು. ಇಷ್ಟು ದಿನ ಕಾದ ವಸ್ತು. ಕೈ ಮುಂದೆ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಪಲ್ಲವಿಯ ಬ್ಯಾಗು ಹಿಡಿದುಕೊಂಡು ಬಂದ ನವೀನ, ಅಲ್ಲಿವರೆಗೆ ಅಮ್ಮನ ಎದುರು ತುಟಿ ಬಿಚ್ಚದವನು, ಆ ಕೊಡೆಯನ್ನು ನಡುವೆಯೇ ತೆಗೆದುಕೊಂಡ. ಕಾಶಿಯಾತ್ರೆಯಲ್ಲಿ ನನ್ನ ಕೈಗೆ ಕೊಟ್ಟದ್ದು, ಇದು ನನ್ನದು ಎಂದ. ಗೇಟಿನ ಕೀಗೆ ಅಮ್ಮನ ಮುಂದೆ ಕೈ ಚಾಚಿದ. ಸುಕನ್ಯಮ್ಮ ಗೊಂಚಲನ್ನು ಸೊಂಟದಿಂದ ಬಿಡಿಸಿದರು.

ಅವನು ಬೂಷ್ಟು ಹಿಡಿದ ಕೊಡೆಯನ್ನು ಹೆಂಡತಿಯ ತಲೆಯ ಮೇಲೆ ಹಿಡಿದು ರಸ್ತೆಯವರೆಗೆ ಬಂದ. ಅವನ ಬೆನ್ನು ಪೂರ್ತಿ ನೆನೆಯಿತು. ನಾನೂ ಬರಲಾ ಎಂದು ಅವಳನ್ನು ಕೇಳಿದ. ಇವತ್ತು ಬೇಡ, ಫೋನ್ ಮಾಡು ಅಂದಳು ಅವಳು.

ಮುಂದೇನಾಯಿತೆಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಪಲ್ಲವಿ ನಮ್ಮಲ್ಲಿ ಎಂಟು ತಿಂಗಳಿದ್ದಳು, ಲ್ಯಾಬಿಗೆ ಸೇರಿದಳು. ನವೀನ ಭಾನುವಾರ ಭಾನುವಾರ ಬರುತ್ತಿದ್ದ. ಇಬ್ಬರೂ ಟೆರೇಸಿನಲ್ಲಿ ಕೂತು ಜಗಳವಾಡುತ್ತಿದ್ದರು, ಆಮೇಲಾಮೇಲೆ ಮಾತಾಡುತ್ತಿದ್ದರು. ಈಗ ಹುಳಿಮಾವಿನಲ್ಲಿ ಬೇರೆ ಮನೆ ಮಾಡಿದ್ದಾರೆ. ಸುಕನ್ಯಮ್ಮ ಅಲ್ಲಿಗೆ ಹೋಗಿ ಬಂದು ಮಾಡುತ್ತಾರೆ, ನಮ್ಮ ಮನೆಯ ಹೊಸಿಲು ಮಾತ್ರ ಇನ್ನೂ ತುಳಿದಿಲ್ಲ. ಅವರ ಕೋಪ ನ್ಯಾಯವಾದದ್ದೇ. ಕೊಡೆ ನವೀನನ ಹತ್ತಿರವಿದೆ, ಒಣಗಿಸುತ್ತಾನೋ ಇಲ್ಲವೋ ನಾನು ಕೇಳುವುದಿಲ್ಲ.

ಆ ಹಬ್ಬದ ಮಧ್ಯಾಹ್ನ ಆಟೋ ಬನ್ನೇರುಘಟ್ಟ ರಸ್ತೆಗೆ ಬಂದು ಮೆಟ್ರೋ ಕಂಬಗಳ ಕೆಳಗೆ ವಾಹನಗಳ ನಡುವೆ ಸಿಕ್ಕಿಹಾಕಿಕೊಂಡಿತು. ಎರಡೂ ಕಡೆಯಿಂದ ಇರಚಲು ಹೊಡೆಯುತ್ತಿತ್ತು. ಪಲ್ಲವಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಿ, "ಹೇಗಿದೀಯೇ?" ಎಂದು ಕೇಳಿದೆ.

ಅವಳು ಜಯದೇವ ಸಿಗ್ನಲ್ ಬಂದಾಗ ಶುರುಮಾಡಿದಳು. ಮೊದಲು ಗೇಟಿನ ಬೀಗ. ಆಮೇಲೆ ನಡುಮನೆಯಲ್ಲಿ ಎಲ್ಲರ ಎದುರಿಗೆ ಮಾತಾಡಬೇಕಾದ ಫೋನು. ಮಗುವಾಗಲಿ, ಆಮೇಲೆ ಕೆಲಸ ನೋಡೋಣ ಎಂದ ಅತ್ತೆ, ತಟ್ಟೆ ನೋಡಿಕೊಂಡು ಊಟ ಮುಗಿಸಿ ಎದ್ದ ಗಂಡ. "ಯಾರೂ ಬೈಯಲ್ಲಮ್ಮ. ಬೈದಿದ್ರೆ ನಿನಗೆ ಹೇಳಕ್ಕಾದ್ರೂ ಆಗ್ತಿತ್ತು." ನಡುವೆ ಬಾಯಿ ಹಾಕುವುದು ನನ್ನ ಹುಟ್ಟುಗುಣ. "ಆದರೂ" ಎಂಬ ಮಾತು ಎರಡು ಸಲ ನಾಲಿಗೆ ತುದಿಗೆ ಬಂತು, ಎರಡು ಸಲವೂ ನುಂಗಿದೆ. ಅವಳು ಅಳಲಿಲ್ಲ. ಒಂದೊಂದೇ ದಿನವನ್ನು ತೆಗೆದು ನನ್ನ ಮುಂದೆ ಇಡುತ್ತಾ ಹೋದಳು.

ತಾವರೆಕೆರೆ ದಾಟಿ ನಮ್ಮ ಬೀದಿಯ ತಿರುವಿಗೆ ಬಂದಾಗ ಅವಳ ಮಾತು ಇನ್ನೂ ಆಷಾಢದವರೆಗೆ ಬಂದಿರಲಿಲ್ಲ. ಇಲ್ಲೇ ತಾನೇ ಅಕ್ಕ ಎಂದು ಆಟೋದವನು ನಿಲ್ಲಿಸಿದ. ಮಹಡಿಯ ಮೇಲೆ ನಮ್ಮವರು ಕಂಬಿ ಹಿಡಿದು ನಿಂತು ಬಗ್ಗಿ ನೋಡುತ್ತಿದ್ದರು. ಪಲ್ಲವಿ ಮಾತು ನಿಲ್ಲಿಸಿ ಬ್ಯಾಗಿಗೆ ಕೈ ಹಾಕಿದಳು.

"ಇಳೀಬೇಡ" ಎಂದೆ. ಆಟೋದವನಿಗೆ ಇನ್ನೊಂದು ಸುತ್ತು ಹೋಗಪ್ಪ ಎಂದೆ.

"ಎಲ್ಲಿಗೆ ಅಕ್ಕ?"

"ಎಲ್ಲಿಗಾದ್ರೂ ಹೋಗು. ಅವಳು ಇನ್ನೂ ಹೇಳಿ ಮುಗಿಸಿಲ್ಲ."